ಕೊನೆಯ ಸಾಲಿನ ತನಕ

ಮಂಗಳವಾರ ಬೆಳಗ್ಗೆ ಲ್ಯಾವ್‌ನ ಎಡಗಣ್ಣಿನ ನಟ್ಟನಡುವೆ ಒಂದು ಕಪ್ಪು ಕಲೆ ಬಂದು ಕೂತಿತು. ಕಣ್ಣುಜ್ಜಿದ, ತೊಳೆದ, ಕನ್ನಡಕ ಒರೆಸಿದ. ಅದು ಜಪ್ಪಯ್ಯ ಅನ್ನಲಿಲ್ಲ. ತೈವಾನಿನ ಕೀಲುಂಗ್ ಊರಿನ ಬಸ್ ಚಾಲಕರಿಗೆ ಅವತ್ತೇ ವರ್ಷದ ಕಣ್ಣು ಪರೀಕ್ಷೆ. ಎರಡೂ ಕಣ್ಣು ಪಾಸಾಗದಿದ್ದರೆ ಬಸ್ಸಿಲ್ಲ. ಬಸ್ಸು ಬಿಟ್ಟರೆ ಐವತ್ತೆರಡರ ಲ್ಯಾವ್‌ಗೆ ಬೇರೆ ವಿದ್ಯೆ ಬಾರದು.

ಡಿಪೋ ಎದುರಿನ ಅಂಗಡಿಯಲ್ಲಿ ಸೋಯಾ ಹಾಲು ಕುಡಿಯುತ್ತ ಹೋಂಗ್‌ನ ಹತ್ತಿರ ಹೇಳಿಕೊಂಡ. ಹೋಂಗ್ ಹಿರಿಯ ಚಾಲಕ, ಕೇಳದಿದ್ದರೂ ಬುದ್ಧಿ ಹೇಳುವ ಆಸಾಮಿ.

"ಥೂ, ಇಷ್ಟಕ್ಕೆ ಮುಖ ಸಪ್ಪಗೆ ಮಾಡ್ಕೊಂಡ್ಯಾ? ಆಸ್ಪತ್ರೆ ಗೋಡೆ ಮೇಲಿನ ಹಾಳೆ ಹನ್ನೆರಡು ವರ್ಷದಿಂದ ಅದೇ! ಬರೀ ಬಾಯಿ ಬಿಟ್ಟ ಉಂಗುರಗಳು. ಬಾಯಿ ಯಾವ ಕಡೆಗಿದೆ ಅಂತ ಕೈ ತೋರಿಸಿದ್ರೆ ಮುಗೀತು. ಅರ್ಧ ಡಿಪೋಗೆ ಅದು ಬಾಯಿಪಾಠ ಕಣೋ."

ಅಂಗಡಿಯ ಸ್ಯೂಮೇ ಅಕ್ಕನೂ ಸೇರಿಕೊಂಡಳು. ಕೈಯಲ್ಲಿದ್ದ ಕರಿದ ಹಿಟ್ಟಿನ ಕಡ್ಡಿಯೇ ಬೆತ್ತವಾಯಿತು. "ಮೇಲೆ, ಬಲ, ಕೆಳಗೆ, ಬಲ! ಅಯ್ಯೋ ದಡ್ಡ, ಎಡ ಅಂತೀಯಲ್ಲ, ನಾಳೆಯಿಂದ ಬಸ್ ತೊಳೀತೀಯಾ?"

ಆಸ್ಪತ್ರೆಯಲ್ಲಿ ಬಲಗಣ್ಣು ಕನ್ನಡಕದ ದಯೆಯಿಂದ ಪಾಸಾಯಿತು. ಅದನ್ನು ಮುಚ್ಚಿದಾಗ ಲ್ಯಾವ್‌ಗೆ ಹಾಳೆಯೂ ಕಾಣಲಿಲ್ಲ, ಆದರೆ ಕೈ ಟ್ರಾಫಿಕ್ ಪೊಲೀಸನ ಹಾಗೆ ಬೀಸಾಡಿ ಕೊನೆಯ ಸಾಲು ಮುಟ್ಟಿತು. ನರ್ಸ್ "ಒಂದು ಪಾಯಿಂಟ್ ಎರಡು, ಪೂರ್ತಿ ದೃಷ್ಟಿ" ಎಂದು ಬರೆದುಕೊಂಡಳು. ಅಲ್ಲಿಗೆ ಮುಗಿಯಬೇಕಿತ್ತು. ಸರದಿಯಲ್ಲಿ ಹಿಂದೆ ನಿಂತಿದ್ದ ಹೋಂಗ್ ಸುಮ್ಮನಿರಬೇಕಲ್ಲ!

"ನೋಡಿದ್ರಾ ಸಿಸ್ಟರ್! ಹದಿನಾರು ನಂಬರಿನ ಕನ್ನಡಕ, ಆದ್ರೂ ಕೊನೇ ಸಾಲು ಓದ್ತಾನೆ ನಮ್ಮ ಹುಲಿ!"

ಹದಿನಾರು ಎಂಬುದು ಕಿವಿಗೆ ಬಿದ್ದದ್ದೇ ತಡ, ಪಕ್ಕದ ಕೋಣೆಯಿಂದ ಕಣ್ಣಿನ ಡಾಕ್ಟರ್ ಶೂ ಎದ್ದು ಬಂದರು. "ಅಷ್ಟು ನಂಬರಿನವರನ್ನ ಕಣ್ಣಿನ ಹಿಂಭಾಗ ಸ್ಕ್ಯಾನ್ ಮಾಡದೆ ಕಳಿಸಲ್ಲ," ಎಂದು ಲ್ಯಾವ್‌ನ ಗದ್ದವನ್ನು ಯಂತ್ರದ ಮೇಲೆ ಇಡಿಸಿದರು.

ಪರದೆ ನೋಡಿ ಅವರ ದನಿ ತಗ್ಗಿತು. "ಈ ಪದರ ಸಪಾಟಾಗಿರಬೇಕು. ನಿಮ್ಮ ಕಣ್ಣು ಹಿಗ್ಗಿ ಹಿಗ್ಗಿ ಇದು ಹಪ್ಪಳದ ಹಾಗೆ ತೆಳ್ಳಗಾಗಿ ಬಾಗಿಬಿಟ್ಟಿದೆ. ಇಲ್ಲಿ ನೋಡಿ, ಬಿರುಕು. ಅದರೊಳಗಿಂದ ರಕ್ತ ಸೋರ್ತಿದೆ. ಈ ವಾರವೇ ಕಣ್ಣಿಗೆ ಇಂಜೆಕ್ಷನ್ ಕೊಡ್ಬೇಕು. ಇಲ್ಲಾಂದ್ರೆ ದೃಷ್ಟಿ ಹೋದದ್ದು ಹೋದ ಹಾಗೇ."

"ಕೊಟ್ಟುಬಿಡಿ ಡಾಕ್ಟ್ರೇ!"

"ಸರ್ಕಾರಿ ವಿಮೆಯವರು ಒಪ್ಪಲ್ಲವಲ್ಲ. ಕೊನೇ ಸಾಲು ಓದೋ ಕಣ್ಣಿಗೆ ಯಾಕೆ ಅಂತಾರೆ. ಸ್ವಂತ ದುಡ್ಡಲ್ಲಿ ಕೊಳ್ಳೋಕೆ ಆಗೋ ಔಷಧಿಯಲ್ಲ ಅದು, ಅಷ್ಟು ದುಬಾರಿ."

ಲ್ಯಾವ್ ಹೋಂಗ್ ಕಡೆ ತಿರುಗಿದ. ಹೋಂಗ್ ಸೂರು ನೋಡುತ್ತಿದ್ದ. ಬಸ್ಸೋ ಕಣ್ಣೋ? ಬಸ್ಸು ಹಾಳಾಗಿ ಹೋಗಲಿ ಎಂದುಕೊಂಡ ಲ್ಯಾವ್.

"ಡಾಕ್ಟ್ರೇ, ಎಡಗಣ್ಣಿಗೆ ಏನೂ ಕಾಣ್ಲಿಲ್ಲ. ಎಲ್ಲಾ ಬಾಯಿಪಾಠ."

ಡಾಕ್ಟರ್ ಪರದೆಯ ಮೇಲೆ ಗಳಿಗೆಗೊಮ್ಮೆ ಬದಲಾಗುವ ಉಂಗುರಗಳನ್ನು ತೋರಿಸಿದರು. ಎಲ್ಲಕ್ಕಿಂತ ದೊಡ್ಡ ಉಂಗುರವೂ ಕಪ್ಪು ಕಲೆಯ ಹಿಂದೆ ಅಡಗಿತು. ಹತ್ತಿರ ಕರೆದರು, ಇನ್ನೂ ಹತ್ತಿರ ಕರೆದರು. ಕೊನೆಗೆ ಕಂಪ್ಯೂಟರಿನಲ್ಲಿ ಏನೋ ಬರೆದು ಕಳಿಸುವ ಗುಂಡಿ ಒತ್ತಿದರು.

"ಈಗ ಕೊಡ್ತಾರಲ್ವಾ?" ಲ್ಯಾವ್‌ಗೆ ಎಷ್ಟೋ ಹಗುರವಾಗಿತ್ತು.

"ಇಲ್ಲ," ಎಂದರು ಡಾಕ್ಟರ್, ಅವನ ಮುಖ ನೋಡಲಾಗದೆ. "ಮೊದಲನೇ ಸಾಲೂ ಕಾಣದ ಕಣ್ಣಿಗೆ ಹಾಕಿ ಪ್ರಯೋಜನವಿಲ್ಲ ಅಂತ ನಿಯಮ. ಮೇಲಿನ ನಾಲ್ಕೈದು ಸಾಲು ಓದಿ ನಿಲ್ಲೋ ಕಣ್ಣಿಗೆ ಮಾತ್ರ ಕೊಡ್ತಾರೆ. ಬಸ್ ಕಚೇರಿಗೂ ಇದೇ ವರದಿ ಹೋಯ್ತು."

ಲ್ಯಾವ್ ಕೈಯಿಂದ ಬಲಗಣ್ಣು ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತ.

"ದಮ್ಮಯ್ಯ ಡಾಕ್ಟ್ರೇ, ಆ ಹಳೇ ಹಾಳೆ ಇನ್ನೊಂದೇ ಒಂದ್ಸಲ ಕೇಳಿ. ಈ ಸಲ ಐದನೇ ಸಾಲಿಗೇ ನಿಲ್ಲಿಸ್ತೀನಿ."