ಶಂಕರನಾರಾಯಣನ ಶುಕ್ರವಾರದ ಜ್ವರ

ಎಲ್ಲಕ್ಕೂ ಮೂಲ ಆ ಸುಳ್ಳು ಜ್ವರ. ಶುಕ್ರವಾರ ಬಹರೈನಿಗೆಲ್ಲ ರಜೆ. ಅಲ್ಲಿನ ಅದ್ಲಿಯಾ ಬಡಾವಣೆಯ ಹೋಟೆಲೊಂದರಲ್ಲಿ ಎಸಿ ನೋಡಿಕೊಳ್ಳುವ ಶಂಕರನಾರಾಯಣನಿಗೆ ಮಾತ್ರ ಡ್ಯೂಟಿ. ಆದರೆ ಅಂದಿನ ಕನ್ನಡ ಬಳಗದ ಸಭೆಗೆ, ಅದೇ ಹೋಟೆಲಿನಲ್ಲಿ ಇಳಿದಿದ್ದ ಐರ್ಲೆಂಡಿನ ಪಾಪ್ ಗಾಯಕಿ ನೂಲಾಳನ್ನು ಕರೆತರುತ್ತೇನೆಂದು ಅವನು ಮಾತು ಕೊಟ್ಟಾಗಿತ್ತು. ಸುಳ್ಳು ರಜೆ ಹಾಕಿ ಹಿಂದೆ ಎರಡು ಸಲ ಸಿಕ್ಕಿಬಿದ್ದವನು. ಇನ್ನೊಮ್ಮೆ ಸಿಕ್ಕರೆ ವೀಸಾ ರದ್ದು. ಆದರೂ ಧೈರ್ಯ ಮಾಡಿ ಮ್ಯಾನೇಜರ್ ಮುಹಮ್ಮದ್ ಶರೀಫರಿಗೆ ಫೋನಿನಲ್ಲಿ ನರಳಿದ.

“ಗಂಜಿ ಕುಡಿದು ಮಲಗಿ ಮಾರಾಯ್ರೆ,” ಎಂದರು ಪುತ್ತೂರಿನ ಶರೀಫ್.

ಸಭೆಯಲ್ಲಿ ನೂಲಾಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮೈಸೂರು ಪೇಟ ಮಾತ್ರ ಅವಳ ನೀಲಿ ಕೂದಲಿನ ಗುಡ್ಡೆಯ ಮೇಲೆ ನಿಲ್ಲಲೊಲ್ಲದು. ಅಧ್ಯಕ್ಷೆ ಭಾನುಮತಿ ಅದನ್ನು ಒತ್ತಿ ಹಿಡಿದುಕೊಂಡೇ ಕೂತರು. ಶಂಕರನಾರಾಯಣ ಅತಿಥಿಯ ಪರಿಚಯಕ್ಕೆ ಎದ್ದ. ಬೇಕರಿಯವನ ಮಗಳು, ಹಿಟ್ಟು ಕಲಸುವ ಯಂತ್ರದ ಗರಗರ ಸದ್ದನ್ನೇ ಕಂಪ್ಯೂಟರಿಗೆ ಹಾಕಿ, ತಾಳ ಕೂಡಿಸಿ ಹದಿನಾರಕ್ಕೇ ಹೆಸರು ಮಾಡಿದವಳು, ಮೂರು ಆಲ್ಬಮ್, ಹೋದಲ್ಲೆಲ್ಲ ಕಿವಿಗೆ ಬಿದ್ದದ್ದನ್ನು ರೆಕಾರ್ಡ್ ಮಾಡಿ ಹಾಡಿಗೆ ಸೇರಿಸುವವಳು ಎಂದೆಲ್ಲ ನಲವತ್ತು ನಿಮಿಷ ಬಣ್ಣಿಸಿದ. ಪಾಪ, ಅವಳಿಗೆ ಹಾಡಲು ಸಮಯವೇ ಉಳಿಯಲಿಲ್ಲ.

ಚಪ್ಪಾಳೆ ಕೇಳಿ ಅವನಿಗೆ ಅಮಲೇರಿತು. “ನಿಮಗೋಸ್ಕರ, ಶರೀಫ್ ಸಾಹೇಬ್ರ ಹತ್ರ ನಂಗೆ ಜ್ವರ ಅಂತ ಸುಳ್ಳು ಹೇಳಿ ಬಂದಿದ್ದೇನೆ!”

ಸಭೆ ಬಿದ್ದು ಬಿದ್ದು ನಕ್ಕಿತು. ಏನೂ ಅರ್ಥವಾಗದ ನೂಲಾಳೂ ನಕ್ಕಳು. ಅವಳ ಕೈಯಲ್ಲಿದ್ದ ಪುಟ್ಟ ಯಂತ್ರದ ಕೆಂಪು ದೀಪವನ್ನು ಯಾರೂ ಗಮನಿಸಲಿಲ್ಲ.

ಸಂಜೆ ಶರೀಫರ ಫೋನು. “ಶಂಕರಣ್ಣ, ಹೋಟೆಲಿನ ದೊಡ್ಡ ಹಾಲ್‌ನ ಎಸಿ ನಿಂತಿದೆ. ಏಳು ಗಂಟೆಗೆ ನೂಲಾ ಮೇಡಮ್ಮಿನ ಶೋ ಉಂಟು. ಜ್ವರ ಇದ್ರೂ ಹತ್ತು ನಿಮಿಷ ಬಂದು ಹೋಗಿ.”

ಮಫ್ಲರ್ ಸುತ್ತಿ, ಕೆಮ್ಮುತ್ತಾ ಹೋಗಿ ಎಸಿ ಸರಿಮಾಡಿದ. ಶರೀಫರ ಕರುಳು ಚುರುಕ್ಕೆಂದಿತು. ಪಕ್ಕದಲ್ಲೇ ಕೂರಿಸಿಕೊಂಡು ಸುಲೈಮಾನಿ ಚಹಾ ಕೊಟ್ಟರು. ಅಷ್ಟರಲ್ಲಿ ದೀಪ ಆರಿ, ನೆಲ ನಡುಗುವಂತೆ ತಾಳ ಶುರುವಾಯಿತು. ಆಮೇಲೆ ಆಳೆತ್ತರದ ಸ್ಪೀಕರಿನಿಂದ ಅವನದೇ ಗಂಟಲು.

“ಶರೀಫ್ ಸಾಹೇಬ್ರ ಹತ್ರ... ಹತ್ರ ಹತ್ರ... ನಂಗೆ ಜ್ವರ... ಜ್ವರ ಜ್ವರ... ಸುಳ್ಳು ಹೇಳಿ ಬಂದಿದ್ದೇನೆ!”

ಶಂಕರನಾರಾಯಣನ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. ಮುನ್ನೂರು ಜನ ಎದ್ದು ಕುಣಿಯುತ್ತಿದ್ದರು. ಅಷ್ಟು ಜನರಲ್ಲಿ ಕನ್ನಡ ಬಲ್ಲವರು ಇಬ್ಬರೇ, ಇಬ್ಬರೂ ಅಕ್ಕಪಕ್ಕದಲ್ಲೇ ಕೂತಿದ್ದರು. ಸಾಲದ್ದಕ್ಕೆ ನೂಲಾ ಖುಷಿಯಿಂದ ಅವನತ್ತ ಬೆರಳು ತೋರಿಸಿದಳು; ದೀಪವೂ ಅವನ ಮೇಲೇ ಬಿತ್ತು.

ಶರೀಫ್ ನಿಧಾನವಾಗಿ ಅವನ ಹಣೆ ಮುಟ್ಟಿ ನೋಡಿದರು.

“ಯಾ ಅಲ್ಲಾ, ಈಗ ನಿಜವಾಗಿ ಸುಡ್ತಾ ಉಂಟಲ್ಲ ಶಂಕರಣ್ಣ! ನಿಮಗೆ ಊರಿನ ಗಾಳಿಯೇ ಆಗಬೇಕು. ನಾಳೆಯ ಮಂಗಳೂರು ಫ್ಲೈಟಿಗೆ ಟಿಕೆಟು ಮಾಡಿಸ್ತೇನೆ. ಹೋಗ್ಲಿಕ್ಕೆ ಮಾತ್ರ.”