ನನ್ನ ಗದ್ದದ ರಕ್ತಪಾತ

ಎಪ್ಪತ್ತರ ದಶಕದಲ್ಲಿ ನಾನು ಲಕ್ಷ್ಮೇಶ್ವರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಆಗ ಅಷ್ಟಿದ್ದರೆ ಹೆಣ್ಣಿನ ಕಡೆಯವರು ಕುರ್ಚಿ ಒರೆಸಿ ಕೊಡುತ್ತಿದ್ದರು! ಮುಂಡರಗಿಯ ಹುಡುಗಿ ಫೋಟೋದಲ್ಲೇ ನನ್ನ ಮನಸ್ಸಿಗೆ ಬಂದಿದ್ದಳು. ಹಾಗಂತ ಬುದ್ಧಿ ಪರೀಕ್ಷಿಸದೆ ಒಪ್ಪುವುದು ವಿಜ್ಞಾನಕ್ಕೆ ಶೋಭೆಯೇ? ಮೂರು ಪ್ರಶ್ನೆ ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಂಡೆ.

ಹೊರಡುವ ಮುಂಜಾನೆ ಹಳೇ ಬ್ಲೇಡಿನಿಂದ ಗಡ್ಡ ಕೆರೆಯುವಾಗ ಗದ್ದ ಕೊಯ್ದುಕೊಂಡೆ. ಜೋಳದ ಕಾಳಿನಷ್ಟು ಗಾಯ. ಅವ್ವ ಓಡಿ ಬಂದು ಎಣ್ಣೆಯಲ್ಲಿ ಕಲಸಿದ ಅರಿಶಿನ ದಪ್ಪಗೆ ಮೆತ್ತಿದಳು.

“ಹೆಣ್ಣ ನೋಡಾಕ ಹೊಂಟಾಗ ರಕ್ತ ಸುರಿಸ್ತಿಯಲ್ಲೋ! ಮಾರಿ ಮುಟ್ಕೋಬ್ಯಾಡ ಮತ್ತ!”

ಮುಟ್ಟಿಕೊಂಡೆ. ಮುಂಡರಗಿಯಲ್ಲಿ ಬಸ್ಸಿಳಿಯುವ ಹೊತ್ತಿಗೆ ಗಾಯ ಮತ್ತೆ ಒಸರುತ್ತಿತ್ತು. ಜೊತೆಗಿದ್ದ ಸೋದರಮಾವ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದ.

“ಸುಣ್ಣ ಹಚ್ಚಿದ್ರ ಗಪ್ಪನ ನಿಲ್ತೈತಿ ಅಳಿಯಾ. ಹಲ್ಲ ಕಚ್ಕೊಂಡು ನಿಂದ್ರು.”

ಅಯ್ಯಯ್ಯೋ ಉರಿ! ಆದರೂ ಹುಡುಗಿಗಾಗಿ ಸಹಿಸಿದೆ. ಬಿಸಿಲಲ್ಲಿ ಬೆವರುತ್ತ ಅವರ ಮನೆ ಸೇರಿದೆವು. ಕುರ್ಚಿಯಲ್ಲಿ ಗತ್ತಿನಿಂದ ಕುಳಿತು ಮುಖ ಒರೆಸಿಕೊಂಡೆ. ಬಿಳೀ ಕರವಸ್ತ್ರವೆಲ್ಲ ಕೆಂಪು!

“ಮಾವಾ, ನರ ಹರದೈತೋ!” ಎಂದು ಚೀರಿದೆ. ಮಾವ ನನಗಿಂತ ಜೋರಾಗಿ ಚೀರಿದ. ಹುಡುಗಿಯ ತಂದೆ “ಡಾಕ್ಟರನ್ನ ಕರಸ್ರಿ, ಜಲ್ದಿ!” ಎಂದು ಅಂಗಳಕ್ಕೆ ಓಡಿದರು. ನಾನು ಚಾಪೆಯ ಮೇಲೆ ಉರುಳಿ ನನ್ನ ಅಂತಿಮ ಹೇಳಿಕೆಯನ್ನು ದಾಖಲಿಸಿದೆ: “ಅವ್ವನ್ನ ನೋಡ್ಕೋ ಮಾವಾ...”

ಅಷ್ಟರಲ್ಲಿ ಉಪ್ಪಿಟ್ಟಿನ ತಾಟು ಹಿಡಿದು ಹುಡುಗಿ ಹೊರಬಂದಳು. ತಾಟು ಕೆಳಗಿಟ್ಟಳು. ಬಗ್ಗಿ ನನ್ನ ಗದ್ದ ನೋಡಿದಳು.

“ಇದು ರಕ್ತ ಅಲ್ರಿ. ಅರಿಷಿಣಕ್ಕ ಸುಣ್ಣ ಕೂಡೇತಿ. ಆರತಿ ನೀರು ನಾವು ಹಿಂಗ ಕೆಂಪ ಮಾಡ್ತೀವಲ್ರಿ.”

ತಂಬಿಗೆಯಲ್ಲಿ ಕುಡಿಯುವ ನೀರು ತಂದು ಕೊಟ್ಟಳು. ತೊಳೆದ ಮೇಲೆ ಗಾಯವನ್ನು ಹುಡುಕಬೇಕಾಯಿತು!

“ಇನ್ನ ಏನೂ ಹಚ್ಚಬ್ಯಾಡ್ರಿ. ಸ್ವಚ್ಛ ಇಟ್ರ ತಾನ ಮಾಯ್ತೈತಿ,” ಎಂದಳು.

ನಾನು ಚಾಪೆಯಿಂದ ಎದ್ದು ಮತ್ತೆ ಕುರ್ಚಿಗೇರಿದೆ. ಅವಳ ತಂದೆ ಬೆವರೊರೆಸಿಕೊಂಡು, “ಹುಡುಗಿಗೆ ಏನರ ಕೇಳೂದಿದ್ರ ಕೇಳ್ರಿ ಮಾಸ್ತರ,” ಎಂದರು.

ಚೀಟಿಯನ್ನು ಜೇಬಿನ ತಳಕ್ಕೆ ತುರುಕಿದೆ. ಮೊದಲನೇ ಪ್ರಶ್ನೆಯೇ ‘ಅರಿಶಿನಕ್ಕೆ ಸುಣ್ಣ ಸೇರಿದರೆ ಯಾವ ಬಣ್ಣ?’ ವರ್ಷಾವರ್ಷಾ ನಾನೇ ಪಾಠ ಹೇಳುತ್ತಿದ್ದದ್ದು!

“ಏನೂ ಇಲ್ರಿ,” ಎಂದೆ.

“ನಾ ಒಂದ್ ಕೇಳ್ಲ್ಯಾ?” ಎಂದಳು ಹುಡುಗಿ. “ನೀವು ಶಾಲ್ಯಾಗ ಏನ್ ಕಲಸ್ತೀರಿ?”

ಮಾವ ಕೆಮ್ಮಿದ. ನನ್ನ ಬಾಯಿಂದ “ಡ್ರಿಲ್” ಎಂದು ಬಂತು!

ಕೈತಪ್ಪಿದಳೆಂದು ನಾನು ಅಂದುಕೊಂಡಿದ್ದ ಹುಡುಗಿ ಅದು ಹೇಗೆ ಒಪ್ಪಿದಳೋ ದೇವರೇ ಬಲ್ಲ. ಬಹುಶಃ ಕನಿಕರ. ಈಗಲೂ ಗಡ್ಡ ಕೆರೆಯುವಾಗ ನಾನು “ಅಯ್ಯೋ” ಎಂದರೆ ಸಾಕು, ಅಡಿಗೆಮನೆಯಿಂದ ಅವಳ ದನಿ ಬರುತ್ತದೆ:

“ತಡೀರಿ, ಮೊದಲ ನಾ ಬಂದು ನೋಡ್ತೀನಿ. ಆಮ್ಯಾಲ ಸಾಯೀರಂತ!”