ಸೊಂಟ ಒಪ್ಪಿದ ಪಿಯಾನೊ

ಇಸಿಕೇಲಿ ಮಗಳಿಗೆ ಪಿಯಾನೊ ಆರಿಸಿದ್ದು ಕಿವಿಯಿಂದಲ್ಲ, ಸೊಂಟದಿಂದ. ಶನಿವಾರ ಬೆಳಿಗ್ಗೆ ಸುವಾ ಪೇಟೆಯ ವಾದ್ಯದ ಅಂಗಡಿಗೆ ಹೋದವನು ಸಾಲಾಗಿ ಇಟ್ಟಿದ್ದ ಕೀಬೋರ್ಡುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಸಲೀಸಾಗಿ ಎದ್ದು ಬಂದದ್ದನ್ನೆಲ್ಲ ಬೇಡವೆಂದು ಕೆಳಗಿಟ್ಟ. ಬಂದರಿನಲ್ಲಿ ಸರಕು ಇಳಿಸುವವನಾದ್ದರಿಂದ ಅವನಿಗೆ ತೂಕದ ಅಂದಾಜು ಚೆನ್ನಾಗಿತ್ತು.

ಅಂಗಡಿಯ ರಾಮ್ ಸಮುಜ್‌ಗೆ ತಲೆಬುಡ ತಿಳಿಯಲಿಲ್ಲ. "ಅಣ್ಣಾ, ಒಂದ್ಸಲ ನುಡಿಸಿಯಾದ್ರೂ ನೋಡು. ಇದ್ರಲ್ಲಿ ನೂರು ತಾಳ ಇದೆ. ಬ್ಯಾಟರಿ ಹಾಕಿದ್ರೆ ಎಲ್ಲಿಗೆ ಬೇಕಾದ್ರೂ ತಗೊಂಡು ಹೋಗ್ಬೋದು."

"ಎಲ್ಲಿಗೂ ತಗೊಂಡು ಹೋಗೋಕೆ ಆಗದೇ ಇರೋದು ಕೊಡು. ತಾಳ ಬೇಡ, ಬ್ಯಾಟರಿನೂ ಬೇಡ. ಇಬ್ಬರು ಸೇರಿದ್ರೂ ಎತ್ತೋಕಾಗಬಾರದು."

"ನಿಂಗೆ ಪಿಯಾನೊ ಬೇಕಾ, ಗೋರಿಕಲ್ಲು ಬೇಕಾ?"

ಇಸಿಕೇಲಿಯ ಮಾತಿಗೆ ಕಾರಣವಿತ್ತು. ಫಿಜಿಯಲ್ಲಿ ನೆಂಟರಿಷ್ಟರು ಬಂದು "ಕೆರೆಕೆರೆ" ಎಂದು ಏನನ್ನಾದರೂ ಕೇಳಿದರೆ ಇಲ್ಲವೆನ್ನುವ ಹಾಗಿಲ್ಲ. ಇಲ್ಲವೆಂದವನ ಕಷ್ಟಕ್ಕೆ ನಾಳೆ ಯಾರೂ ಹೆಗಲು ಕೊಡುವುದಿಲ್ಲ. ಕೇಳುವವನಿಗೆ ಕೆರೆಕೆರೆ, ಕೊಡುವವನಿಗೆ ಕಿರಿಕಿರಿ. ಹೀಗೆ ಇಸಿಕೇಲಿಯ ರೇಡಿಯೊ ದೊಡ್ಡಪ್ಪನ ಮನೆ ಸೇರಿತ್ತು. ಹುಲ್ಲು ಕತ್ತರಿಸುವ ಯಂತ್ರವನ್ನು ಹೆಂಡತಿಯ ತಮ್ಮ ಮೋಸೆಸೆ ಕಂದಾವು ದ್ವೀಪಕ್ಕೆ ಒಯ್ದವನು ಬರಿಗೈಯಲ್ಲಿ ಮರಳಿದ್ದ. ಬಹಳ ಒಳ್ಳೆಯ ಪದ್ಧತಿ ಎಂದು ಎಲ್ಲರೂ ಹೊಗಳುತ್ತಾರೆ. ಹಾಗೆ ಹೊಗಳುವವರ ಮನೆಯಲ್ಲಿ ಇನ್ನೊಬ್ಬರ ರೇಡಿಯೊ ಹಾಡುತ್ತಿರುತ್ತದೆ.

ಈ ಸಲ ಮಾತ್ರ ಸೋಲುವಂತಿರಲಿಲ್ಲ. ಮಗಳು ಲಿತಿಯಾ ಒಂದು ವರ್ಷದಿಂದ ಅಡುಗೆಮನೆಯ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಕೀಗಳನ್ನು ಬರೆದುಕೊಂಡು ಸದ್ದಿಲ್ಲದೆ ಅಭ್ಯಾಸ ಮಾಡುತ್ತಿದ್ದಳು. ಪಾಠ ಹೇಳುವ ಮಿಸ್ ಹೆಥರ್ ಕಡ್ಡಿ ಮುರಿದಂತೆ ಹೇಳಿದ್ದಳು: "ಸೋಮವಾರದೊಳಗೆ ಮನೇಲಿ ವಾದ್ಯ ಬರ್ಲಿಲ್ಲ ಅಂದ್ರೆ ಅವಳ ಜಾಗ ಬೇರೆ ಮಗುಗೆ." ಕೈ ತೊಳೆಯದೆ ಕೀ ಮುಟ್ಟಬಾರದು ಎನ್ನುವುದು ಆಕೆಯ ಇನ್ನೊಂದು ಕಟ್ಟಪ್ಪಣೆ. ಲಿತಿಯಾ ಆ ಮೇಜಿಗೂ ಕೈ ತೊಳೆದೇ ಕೂರುತ್ತಿದ್ದಳು.

ಕೊನೆಗೆ ಮೂಲೆಯಲ್ಲಿದ್ದ ಒಂದು ಡಿಜಿಟಲ್ ಪಿಯಾನೊ ಎತ್ತಲು ಹೋದಾಗ ಇಸಿಕೇಲಿಯ ಸೊಂಟ ಕಳಕ್ಕೆಂದಿತು. "ಇದೇ," ಎಂದ, ಸೊಂಟ ಹಿಡಿದುಕೊಂಡು.

ಒಯ್ಯಲು ಟ್ರಕ್ ಬೇಕಲ್ಲ. ಅದಿದ್ದದ್ದು ಮೋಸೆಸೆಯ ಬಳಿ. ಇಸಿಕೇಲಿ ಫೋನಿನಲ್ಲಿ ಹೇಳಿದ್ದೂ ಅದೇ ಮಾತು: "ಮೋಸೆಸೆ, ಕೆರೆಕೆರೆ." ಅವನು ತಿನ್ನುತ್ತಿದ್ದ ಮರಗೆಣಸು ಬಿಟ್ಟು, ಮೂವರು ಗೆಳೆಯರನ್ನೂ ಹತ್ತಿಸಿಕೊಂಡು ಬಂದ.

ಇಸಿಕೇಲಿಯ ಮನೆ ಲಾಮಿಯ ಗುಡ್ಡದ ತುದಿಯಲ್ಲಿ, ಮಣ್ಣು ಕಡಿದು ಮಾಡಿದ ಮೆಟ್ಟಿಲುಗಳ ಮೇಲೆ. ಬುಡದಲ್ಲಿ ಚರ್ಚು. ಪಿಯಾನೊವನ್ನು ಟ್ರಕ್ಕಿನಿಂದ ಇಳಿಸುವಷ್ಟರಲ್ಲೇ ಐವರೂ ಏದುಸಿರು ಬಿಡುತ್ತಿದ್ದರು.

"ಭಾವ, ಪಾಠ ಹೇಳೋ ಮಿಸ್ಸನ್ನೂ ಇದರೊಳಗೇ ಕೂರಿಸಿ ಕಳಿಸಿದಾರಾ?" ಎಂದ ಮೋಸೆಸೆ.

"ನಿಮ್ಮಕ್ಕನ್ನ ಕಟ್ಟಿಕೊಂಡು ಇದಕ್ಕಿಂತ ಭಾರ ಹೊತ್ತಿದೀನಿ. ಎತ್ತು, ಎತ್ತು."

ನಾಲ್ಕು ಮೆಟ್ಟಿಲು ಏರಿದ್ದರು, ಮಳೆ ಸುರಿಯಿತು. ಮಣ್ಣು ಜಾರಿ ಒಬ್ಬ ಕುಂಡೆ ಊರಿ ಬಿದ್ದ. ಮಳೆ ನಿಲ್ಲುವ ತನಕ ಎಂದು ಪಿಯಾನೊವನ್ನು ಚರ್ಚಿನೊಳಗೆ ಇಳಿಸಿದರು. ಮಳೆ ನಿಲ್ಲಲಿಲ್ಲ. ಜಗಲಿಯಲ್ಲಿ ಯಾರೋ ಮಂಪರು ತರಿಸುವ ಯಂಗೋನಾ ಬೇರಿನ ಪುಡಿಯನ್ನು ನೀರಿಗೆ ಕದಡಿದರು, ಕುಡಿಯುವ ಚಿಪ್ಪು ಸುತ್ತತೊಡಗಿತು. ಅಷ್ಟರಲ್ಲಿ ಭಾನುವಾರದ ಹಾಡಿನ ಅಭ್ಯಾಸಕ್ಕೆ ಹೆಂಗಸರು ಬಂದರು, ಅವರ ಹಿಂದೆಯೇ ಪಾದ್ರಿಗಳು. ಪಿಯಾನೊ ನೋಡಿದರು, ಬೆವೆತ ಇಸಿಕೇಲಿಯನ್ನು ನೋಡಿದರು, ಕಣ್ಣಲ್ಲಿ ನೀರು ತಂದುಕೊಂಡರು.

"ಇಸಿಕೇಲಿ, ಹೇಳದೆ ಕೇಳದೆ ಇಂಥಾ ಕಾಣಿಕೆ."

"ಅಯ್ಯನವರೆ, ಅದು..."

"ದೇವರಿಗೆ ಕೊಡೋವಾಗ ಸಂಕೋಚ ಯಾಕಪ್ಪ? ಪ್ರಾರ್ಥಿಸೋಣ."

ಎಲ್ಲರೂ ಕಣ್ಣು ಮುಚ್ಚಿದರು. ಪ್ರಾರ್ಥನೆ ಉದ್ದವಾಗಿತ್ತು. ಅದರಲ್ಲಿ ಇಸಿಕೇಲಿಯ ತಾತ ಬಂದ, ಮುತ್ತಾತ ಬಂದ, ಟ್ರಕ್ ತಂದ ಮೋಸೆಸೆಯೂ ಬಂದ. ಲಿತಿಯಾ ಮಾತ್ರ ಬರಲಿಲ್ಲ. ಕೊನೆಯಲ್ಲಿ ಎಲ್ಲರೂ ಆಮೆನ್ ಎಂದಾಗ ಹುಟ್ಟಿದಾಗಿನ ಅಭ್ಯಾಸದಿಂದ ಇಸಿಕೇಲಿಯ ಬಾಯಿಯೂ ಆಮೆನ್ ಎಂದಿತು.

"ಮುಗೀತು ಭಾವ," ಎಂದು ಮೋಸೆಸೆ ಪಿಸುಗುಟ್ಟಿದ. "ನೀನೂ ಅಂದ್ಬಿಟ್ಟೆ."

ಇಸಿಕೇಲಿ ಮಾನ ಬಿಟ್ಟು ಪಾದ್ರಿಗಳ ಮುಂದೆ ನೆಲದ ಮೇಲೆ ಕುಳಿತ. "ಅಯ್ಯನವರೆ, ಕೆರೆಕೆರೆ. ಅದು ಮಗಳಿಗೆ ಅಂತ ತಂದಿದ್ದು. ಮನೆಗೆ ಒಯ್ತೀನಿ."

ಪಾದ್ರಿಗಳು ಕೋಪಿಸಿಕೊಳ್ಳಲಿಲ್ಲ. ಕೋಪಿಸಿಕೊಂಡಿದ್ದರೆ ಜಗಳವಾದರೂ ಆಡಬಹುದಿತ್ತು. "ನಾನು ಬೇಡ ಅಂತೀನಾ? ಆದ್ರೆ ಅಷ್ಟು ಭಾರದ್ದನ್ನ ಆ ಗುಡ್ಡಕ್ಕೆ ಯಾರು ಹೊರ್ತಾರೆ, ಹೇಳು."

ಹೊತ್ತು ತಂದವರೆಲ್ಲ ಚಿಪ್ಪಿನೊಳಗೆ ಮುಖ ಹಾಕಿದರು. ಇಡೀ ಅಂಗಡಿ ಜಾಲಾಡಿ, ಸೊಂಟ ಮುರಿದುಕೊಂಡು ಆರಿಸಿದ ಭಾರವಲ್ಲವೇ ಅದು! ಯಾರೂ ಒಯ್ಯಲಾಗದ್ದೇ ಬೇಕೆಂದು ಕೇಳಿದ್ದ, ಅದೇ ಸಿಕ್ಕಿತ್ತು. ನನಗೆ ಪಾದ್ರಿಗಳಿಗಿಂತ ಅವನ ಮೇಲೇ ಸಿಟ್ಟು ಬರುತ್ತದೆ.

"ಮಗು ಕಲೀಬೇಕು, ಅಷ್ಟೇ ತಾನೆ?" ಎಂದರು ಪಾದ್ರಿಗಳು. "ನಮ್ಮ ಹಳೇ ಕೀಬೋರ್ಡ್ ತಗೊಂಡು ಹೋಗು. ಇನ್ನು ನಮಗ್ಯಾಕೆ ಅದು? ಹಗುರವಾಗಿದೆ."

ಅದರ ಮೂರು ಕೀ ಮೂಕವಾಗಿದ್ದವು. ತಾಳವೂ ಇತ್ತು, ಬ್ಯಾಟರಿಯೂ ಇತ್ತು. ಹೇಗೋ ಸೋಮವಾರದ ಪಾಠ ಉಳಿಯಿತು ಎಂದುಕೊಂಡು ಇಸಿಕೇಲಿ ಅದನ್ನು ಕಂಕುಳಲ್ಲಿ ಇರುಕಿಕೊಂಡು ಗುಡ್ಡ ಹತ್ತಿದ. ಅರ್ಧ ದಾರಿಯಲ್ಲಿ ಹಿಂದಿನಿಂದ ಮೋಸೆಸೆ ಕೂಗಿದ. ಹೊರಲು ಕೈಜೋಡಿಸುತ್ತಾನೇನೋ ಎಂದು ನಿಂತ.

"ಭಾವ, ಇವತ್ತು ಸಂಜೆ ದೋಣಿಗೆ ಕಂದಾವುಗೆ ಹೊರಟಿದೀವಿ. ಚಿಕ್ಕಪ್ಪನ ಮಗನ ಮದುವೆ. ಹಾಡೋಕೆ ಜನ ಇದಾರೆ, ನುಡಿಸೋಕೆ ಏನೂ ಇಲ್ಲ." ಮೋಸೆಸೆ ಅಲ್ಲೇ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕುಳಿತು, ಬೇಡುವವರ ಕ್ರಮದಂತೆ ಮೆಲ್ಲಗೆ ಅಂಗೈ ತಟ್ಟಿದ. "ಕೆರೆಕೆರೆ. ಬೆಳಿಗ್ಗೆ ನೀನು ಟ್ರಕ್ ಕೇಳ್ದಾಗ ನಾನು ಇಲ್ಲ ಅಂದ್ನಾ?"

ಇಸಿಕೇಲಿ ಕಂಕುಳಲ್ಲಿದ್ದ ಕೀಬೋರ್ಡನ್ನು ತೆಗೆದು ಅವನ ಕೈಗಿತ್ತ. "ಯಾವಾಗ ವಾಪಸ್ ತರ್ತೀಯ?"

"ನಿನ್ನ ಹುಲ್ಲು ಕತ್ತರಿಸೋ ಮಷೀನೂ ಅಲ್ಲೇ ಇದೆಯಲ್ಲ ಭಾವ. ಎರಡೂ ಒಟ್ಟಿಗೇ ತಂದ್ಬಿಡ್ತೀನಿ."

ಮೇಲೆ, ಮನೆಯ ಬಾಗಿಲಲ್ಲಿ ಲಿತಿಯಾ ಕಾಯುತ್ತಿದ್ದಳು. ಆಗಷ್ಟೇ ತೊಳೆದ ಕೈಗಳನ್ನು, ಲಂಗಕ್ಕೆ ತಾಗಿ ಕೊಳೆಯಾಗದಂತೆ, ಮುಂದಕ್ಕೆ ಚಾಚಿಕೊಂಡು ನಿಂತಿದ್ದಳು.